ಹಳೇ ಕಾರಿನ ನೆಗ್ಗಿದ ಟಾಪು

ನಮ್ಮ ಯಜಮಾನರಿಗೆ ನನಗಿಂತ ಆ ಹಳೇ ಕಾರೇ ಹೆಚ್ಚು. ಅದರ ನೆಗ್ಗಿದ ಟಾಪನ್ನು ಸಮ ಮಾಡಲು ಒಬ್ಬರು ಒಳಗಿನಿಂದ ಕಬ್ಬಿಣದ ಗಟ್ಟಿಯನ್ನು ಒತ್ತಿ ಹಿಡಿಯಬೇಕು, ಇನ್ನೊಬ್ಬರು ಹೊರಗಿನಿಂದ ಬಡಿಯಬೇಕು. ನನ್ನನ್ನು ಒಮ್ಮೆಯೂ ಕರೆಯಲಿಲ್ಲ. ಹೊಟ್ಟೆ ಉರಿದು, ಆ ಗಟ್ಟಿಯನ್ನು ಹಿಟ್ಟಿನ ಡಬ್ಬಿಯಲ್ಲಿ ಹುದುಗಿಸಿ, ಮೇಲೆ ಬೆರಳಿಂದ ಸವರಿಟ್ಟೆ.

ಮಧ್ಯಾಹ್ನ ಶೆಡ್ಡಿನಿಂದ ಸುತ್ತಿಗೆಯ ಸದ್ದು ಬಂತು. ಪೊಳ್ಳು ಸದ್ದಲ್ಲ, ಪ್ರತಿ ಏಟಿಗೂ ಒಳಗಿನಿಂದ ಆಸರೆ ಇದ್ದಂತಿತ್ತು. ಹೋಗಿ ನೋಡಿದೆ. ಆ ಬಿರುಬಿಸಿಲಲ್ಲೂ ಕಾರಿನ ಗಾಜಿನ ಒಳಮೈಗೆಲ್ಲ ಹಬೆ ಕಟ್ಟಿತ್ತು.

“ಸ್ವಲ್ಪ ಎಡಕ್ಕೆ ಹಿಡಿ,” ಎಂದರು, ಮದುವೆಯಾದ ಹೊಸದರಲ್ಲಿ ನನ್ನೊಡನೆ ಆಡುತ್ತಿದ್ದ ದನಿಯಲ್ಲಿ.

“ಯಾರಿಗ್ರೀ ಹೇಳ್ತಿರೋದು? ನಾನು ಹಿಡ್ಕೊಳ್ಳಲಾ?”

“ಬೇಡ. ನಿನಗೆ ಬೇಗ ಕೈ ಸೋಲುತ್ತೆ.”

ಸಂಜೆಗೆ ಟಾಪು ಸಮವಾಗಿತ್ತು. ಡಬ್ಬಿ ತೆರೆದೆ. ಹಿಟ್ಟಿನ ಮೇಲೆ ನನ್ನ ಬೆರಳಿನ ಗುರುತು ಹಾಗೇ ಇತ್ತು. ಅಡಿಯಲ್ಲಿ ಗಟ್ಟಿ ತಣ್ಣಗಿತ್ತು.

ಹಾಗಾದರೆ ಕಾರಿನೊಳಗಿದ್ದ ಅವಳು ಹಿಡಿದದ್ದು ಬರಿಗೈಯಲ್ಲಿ.