ಅಜ್ಜಿಯ ತಾತನ ಫೈಲು

ಏಣಿಯ ನಾಲ್ಕನೇ ಮೆಟ್ಟಿಲ ಮೇಲೆ ನಿಂತು ಗುಬ್ಬಿ ಫೈಲುಗಳನ್ನು ಒಂದೊಂದಾಗಿ ಎಳೆದು ನೋಡುತ್ತಿದ್ದಳು. ಮೂಗಿಗೆ ದೂಳು ಹೊಕ್ಕು ಮೂರು ಸಲ ಸೀನಿದ್ದಾಯಿತು. ಬೇಕಾದ ಫೈಲು ಮಾತ್ರ ಸಿಗಲಿಲ್ಲ.

ತಪ್ಪೆಲ್ಲ ಅವಳ ಬಾಯಿಯದೇ. ಬೆಳಿಗ್ಗೆ ಮೇಷ್ಟ್ರು ಸ್ವಾತಂತ್ರ್ಯ ಹೋರಾಟದ ಪಾಠ ಮಾಡುವಾಗ ಕೈಯೆತ್ತಿ, ನಮ್ಮ ಅಜ್ಜಿಯ ತಾತನೂ ಹೋರಾಡಿದ್ದರು ಎಂದುಬಿಟ್ಟಿದ್ದಳು. ಹಾಗಂತ ಅವಳಿಗೆ ಯಾರೂ ಹೇಳಿರಲಿಲ್ಲ. ಹೋರಾಡಿಯೇ ಇರಬೇಕು ಅಂದುಕೊಂಡಿದ್ದಳು, ಅಷ್ಟೆ. ಇಲ್ಲದಿದ್ದರೆ ಅಜ್ಜಿ ಹೋರಾಟಗಾರರ ಈ ಸಂಘ ಯಾಕೆ ಕಟ್ಟುತ್ತಿದ್ದರು? ಮೇಷ್ಟ್ರಿಗೆ ಖುಷಿಯೋ ಖುಷಿ. ಅವರ ಕಾಗದವೇನಾದರೂ ಇದ್ದರೆ ನಾಳೆ ತಾ, ಎಲ್ಲರಿಗೂ ತೋರಿಸೋಣ ಎಂದಿದ್ದರು.

ಸಂಘದ ಕೋಣೆ ಪ್ರಿಂಟಿಂಗ್ ಪ್ರೆಸ್ಸಿನ ಮಹಡಿಯಲ್ಲಿತ್ತು. ದೇಶಕ್ಕಾಗಿ ಹೋರಾಡಿದವರ ಪತ್ರ, ಫೋಟೊ, ಜೈಲಿನ ಚೀಟಿಗಳನ್ನೆಲ್ಲ ಅಲ್ಲಿ ಮನೆತನದ ಪ್ರಕಾರ ಜೋಡಿಸಿಟ್ಟಿದ್ದರು. ನಲವತ್ತು ವರ್ಷದ ಹಿಂದೆ ಅದನ್ನು ಶುರುಮಾಡಿದವರು ಇಬ್ಬರು. ಒಬ್ಬರು ಟೈಪಿಸ್ಟ್ ಆಗಿದ್ದ ಅಜ್ಜಿ, ಇನ್ನೊಬ್ಬರು ಅವರ ಗೆಳತಿ ಡಾಕ್ಟರಮ್ಮ. ಡಾಕ್ಟರಮ್ಮ ಈಗಿಲ್ಲ.

ಅಜ್ಜಿ ಕಿಟಕಿಯ ಹತ್ತಿರ ಕೂತು ಹಳೆಯ ದಿನಗಳ ಮಾತಾಡುತ್ತಿದ್ದರು. ಇಬ್ಬರಿಗೂ ಸೇರಿ ಒಂದೇ ಸೈಕಲ್ಲಂತೆ. ಒಬ್ಬರು ತುಳಿದರೆ ಇನ್ನೊಬ್ಬರು ಪತ್ರಗಳ ಚೀಲ ಹಿಡಿದು ಹಿಂದೆ ಕೂರುವುದು. ಜನ ಹಿಟ್ಟಿನ ಡಬ್ಬದಿಂದ, ಹಾಸಿಗೆಯ ಕೆಳಗಿನಿಂದ ಕಾಗದ ತೆಗೆದು ಕೊಡುತ್ತಿದ್ದರಂತೆ. ಒದ್ದೆಯಾದವನ್ನು ಇದೇ ಕೋಣೆಯಲ್ಲಿ ಹಗ್ಗ ಕಟ್ಟಿ, ಬಟ್ಟೆಯ ಕ್ಲಿಪ್ ಹಾಕಿ ಒಣಗಿಸುತ್ತಿದ್ದರಂತೆ.

“ಎಂಥಾ ದಿನಗಳು ಕಣೇ ಅವು,” ಎಂದರು ಅಜ್ಜಿ.

ಅಷ್ಟರಲ್ಲಿ ಸಿಕ್ಕೇಬಿಟ್ಟಿತು, ಅಜ್ಜಿಯ ತವರಿನ ಹೆಸರಿದ್ದ ಫೈಲು. ಗುಬ್ಬಿ ದಡದಡ ಇಳಿದಳು. ಒಳಗಿದ್ದದ್ದು ಒಂದೇ ಹಾಳೆ, ಯಾವುದೋ ಸೈನ್ಯದ ಕೆಲಸಗಾರರ ಪಟ್ಟಿ. ತಾತನ ಹೆಸರಿನ ಮುಂದೆ ‘ಕುದುರೆಗಳಿಗೆ ಲಾಳ ಹೊಡೆಯುವವನು’ ಎಂದಿತ್ತು.

“ಯಾರ ಸೈನ್ಯ ಅಜ್ಜಿ? ನಮ್ಮೋರದಾ?”

“ಅಲ್ಲ ಮಗಾ. ನಮ್ಮನ್ನ ಆಳ್ತಿದ್ದೋರದು.”

ಗುಬ್ಬಿಯ ಮುಖ ಸಪ್ಪಗಾಯಿತು. ಕ್ಲಾಸಿನಲ್ಲಿ ಹೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದಳು. ಅಜ್ಜಿ ಬೈಯಲಿಲ್ಲ. ಬೇರೆ ಯಾರದೋ ಕಾಗದ ಹುಡುಕುವಾಗ ಈ ಪಟ್ಟಿ ಸಿಕ್ಕಿತ್ತಂತೆ. ಆವತ್ತು ಸೈಕಲ್ಲಿನ ಹಿಂದೆ ಕೂತು ದಾರಿಯುದ್ದಕ್ಕೂ ಅತ್ತಿದ್ದರಂತೆ. ಹೋರಾಡಿದವರ ಮನೆಯವರು ಮಾತ್ರ ಸಂಘದ ಮೆಂಬರ್ ಆಗಬಹುದು ಎಂಬ ನಿಯಮ ಇತ್ತು. ಅದನ್ನು ಟೈಪ್ ಮಾಡಿದ್ದೂ ಅಜ್ಜಿಯೇ! ಹಾಗಾಗಿ ಸಂಘ ಕಟ್ಟಿದ ಅಜ್ಜಿಯೇ ಕೊನೆಗೂ ಮೆಂಬರ್ ಆಗಲಿಲ್ಲ. ವರ್ಷವರ್ಷವೂ ಸಭೆಯಲ್ಲಿ ಮೆಂಬರುಗಳು ಮುಂದಿನ ಸಾಲಿನಲ್ಲಿ ಕೂರುತ್ತಿದ್ದರು. ಅಜ್ಜಿ ಬಾಗಿಲಲ್ಲಿ ನಿಂತು ಬಂದವರ ಹೆಸರು ಬರೆದುಕೊಳ್ಳುತ್ತಿದ್ದರು.

“ಬೇಜಾರಾಗ್ತಿರಲಿಲ್ವಾ?”

“ಆಗ್ತಿತ್ತು. ಸುಳ್ಳ್ಯಾಕೆ ಹೇಳ್ಲಿ?”

“ಮತ್ತೆ ಈ ಹಾಳೆ ಹರಿದು ಹಾಕಬಹುದಿತ್ತಲ್ಲ. ಯಾರಿಗೂ ಗೊತ್ತಾಗ್ತಿರಲಿಲ್ಲ.”

ಅಜ್ಜಿ ಹಾಳೆಯ ಅಂಚು ಸವರಿದರು. “ಹರಿಯೋಣ ಅಂತ ಕೈಗೂ ತಗೊಂಡಿದ್ದೆ. ಆದ್ರೆ ಇಡೀ ಲೋಕದಲ್ಲಿ ನಮ್ಮ ತಾತನ ಹೆಸರಿರೋ ಕಾಗದ ಇದೊಂದೇ ಕಣೇ. ಇದೂ ಹೋದ್ರೆ ಅವರು ಇದ್ರು ಅನ್ನೋದಕ್ಕೆ ಏನು ಉಳಿಯುತ್ತೆ?”

ಡಾಕ್ಟರಮ್ಮ ಅದನ್ನು ಪೂರ್ತಿ ಓದಿದರಂತೆ. ಫೈಲಿಗೆ ನಂಬರ್ ಬರೆದು, ತಮ್ಮ ಮನೆತನದ ಫೈಲಿನ ಪಕ್ಕದಲ್ಲೇ ಇಟ್ಟರಂತೆ.

ಮರುದಿನ ಮೇಷ್ಟ್ರು ಗುಬ್ಬಿಯನ್ನು ಕರೆದರು. ಹಾಳೆಯ ಜೆರಾಕ್ಸ್ ಬ್ಯಾಗಿನಲ್ಲಿತ್ತು. ‘ಸಿಗಲಿಲ್ಲ ಸಾರ್’ ಅಂದರೆ ಅಲ್ಲಿಗೆ ಮುಗಿಯುತ್ತಿತ್ತು. ದಾರಿಯಲ್ಲಿ ಅದನ್ನು ಹತ್ತು ಸಲ ಹೇಳಿಕೊಂಡೂ ಬಂದಿದ್ದಳು.

ಗುಬ್ಬಿ ಎದ್ದು ನಿಂತು ಹಾಳೆ ತೆಗೆದಳು. “ನಾನು ನಿನ್ನೆ ಹೇಳಿದ್ದು ಸುಳ್ಳು ಸಾರ್. ನಮ್ಮ ತಾತ ಹೋರಾಡಲಿಲ್ಲ. ಲಾಳ ಹೊಡೀತಿದ್ರು. ಆ ಕಡೆಯೋರ ಕುದುರೆಗಳಿಗೆ.”

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

ನಕ್ಕಿದ್ದು ತಾತನ ಬಗ್ಗೆ. ಗುಬ್ಬಿಗೆ ಎದೆಯಲ್ಲಿ ಚುರ್ರೆಂದಿತು. ಅವಳು ಹಾಳೆಯನ್ನು ಮಡಚಲಿಲ್ಲ, ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದೇ ನಿಂತಳು. ಮುಖವೇ ಗೊತ್ತಿಲ್ಲದ ಆ ಮನುಷ್ಯ ಯಾವಾಗ ಇಷ್ಟೊಂದು ತನ್ನವರಾದರು ಎಂದು ಅವಳಿಗೇ ಆಶ್ಚರ್ಯವಾಯಿತು.