ಅಜ್ಜಿಯ ಕಾಲ ಮೇಲಿನ ಬಟ್ಟೆ

ಬೇಸಿನ್ನಿನ ನೀರಿಗೆ ಬೆರಳಿಟ್ಟ ಮಾಸಿನಾ ಹೌಹಾರಿ ಕೈ ಹಿಂದಕ್ಕೆ ಎಳೆದುಕೊಂಡಳು.

"ಅಯ್ಯೋ! ಅಜ್ಜೀ, ಕಾಲು ತೆಗಿ! ನೀರು ಸುಡ್ತಿದೆ!"

ಸೆಫಿನಾ ಅಜ್ಜಿ ಮನೆಯ ಜಗಲಿ ಅಂಚಿನಲ್ಲಿ ಕೂತು ಚಾಪೆ ಹೆಣೆಯುತ್ತಿದ್ದಳು. ಇಳಿಬಿಟ್ಟ ಅವಳ ಎರಡೂ ಪಾದ ಆ ನೀರಿನಲ್ಲೇ ಮುಳುಗಿದ್ದವು.

"ಎಲ್ಲಿ ಸುಡುತ್ತೆ? ಬೆಚ್ಚಗಿದೆ ಅಷ್ಟೆ. ವಿನೆಗರ್ ಹಾಕಿದ್ದೀಯ ತಾನೆ?"

ಮಾಸಿನಾ ಗಾಬರಿಯಿಂದ ಅಜ್ಜಿಯ ಕಾಲುಗಳನ್ನು ಎತ್ತಿ ಹೊರಗಿಟ್ಟಳು. ಪಾದಗಳು ಕೆಂಪೇರಿದ್ದವು. ಬಲಗಾಲಿನ ಹೆಬ್ಬೆರಳ ಉಗುರು ಮಾತ್ರ ಮೊದಲಿನಂತೆಯೇ ಹಳದಿಯಾಗಿ, ದಪ್ಪವಾಗಿ, ಅಂಚಿನಲ್ಲಿ ಪುಡಿಪುಡಿಯಾಗಿತ್ತು.

ಆ ಉಗುರಿಗೆ ಫಂಗಸ್ ಹಿಡಿದು ತಿಂಗಳುಗಳೇ ಆಗಿದ್ದವು. ಸಮುದ್ರದ ನೀರಾಯಿತು. ತೆಂಗಿನೆಣ್ಣೆಯಲ್ಲಿ ಕಲಸಿದ ಅರಿಸಿನವಾಯಿತು. ನಿಂಬೆರಸವೂ ಆಯಿತು. "ಹಿತ್ತಲ ಗಿಡ ಮದ್ದಲ್ಲ ಅನ್ನೋರು ಅನ್ಲಿ, ನನಗೆ ಅದೇ ಮದ್ದು" ಎನ್ನುತ್ತಿದ್ದಳು ಅಜ್ಜಿ. ಹಚ್ಚುವವಳು ಮಾಸಿನಾ. ಅದಕ್ಕೇ ಅಜ್ಜಿ ಅವಳನ್ನು 'ಡಾಕ್ಟ್ರಮ್ಮ' ಎಂದು ಕರೆಯುತ್ತಿದ್ದಳು. ಹಾಗೆ ಕರೆದರೆ ಮಾಸಿನಾಗೆ ಎಲ್ಲಿಲ್ಲದ ಹೆಮ್ಮೆ.

ಒಂದೇ ಷರತ್ತು, ಅಮ್ಮನಿಗೆ ಹೇಳಕೂಡದು.

"ನಿಮ್ಮ ತಾತನಿಗೂ ನನ್ನ ಹಾಗೇ ಶುಗರ್ ಇತ್ತು. ಕಾಲ್ಬೆರಳು ತೋರಿಸೋಕೆ ಅಂತ ಆಸ್ಪತ್ರೆಗೆ ಹೋದ್ರು. ಬರುವಾಗ ಒಂದು ಕಾಲನ್ನೇ ಅಲ್ಲಿ ಬಿಟ್ಟು ಬಂದ್ರು. ನಾನು ಹೋಗಲ್ಲಮ್ಮ" ಎಂದಿದ್ದಳು ಅಜ್ಜಿ.

ಮುಚ್ಚಿಡುವುದೇನೂ ಕಷ್ಟವಿರಲಿಲ್ಲ. ಸಮೋವಾದಲ್ಲಿ ಕೂತವರ ಎದುರು ಕಾಲು ಚಾಚಿದರೆ ಅವರ ಮುಖಕ್ಕೆ ಒದ್ದಂತೆ. ಎಲ್ಲರೂ ಚಕ್ಕಂಬಕ್ಕಳ ಹಾಕಿ ಕೂರುತ್ತಾರೆ. ಅಜ್ಜಿಗೆ ಮಂಡಿ ಪೂರ್ತಿ ಮಡಚಲು ಆಗದು. ಹಾಗಾಗಿ ಕಾಲು ಚಾಚಿ, ಮೇಲೊಂದು ಬಟ್ಟೆ ಹೊದ್ದುಕೊಳ್ಳುತ್ತಿದ್ದಳು. ಯಾರೇ ಬರಲಿ, ಆ ಬಟ್ಟೆ ಹೊದಿಸುವುದು ಮಾಸಿನಾಳ ಕೆಲಸ.

ಮರುದಿನ ಬೆಳಗ್ಗೆ ಅಜ್ಜಿಯ ಪಾದದ ಮೇಲೆ ದೊಡ್ಡ ಬೊಬ್ಬೆ ಎದ್ದಿತ್ತು. ಹೆಬ್ಬೆರಳ ಪಕ್ಕದಲ್ಲಿ ಚರ್ಮ ಸುಲಿದಿತ್ತು.

"ನೋವಾಗ್ತಿದೆಯಾ ಅಜ್ಜಿ?"

"ಚೂರೂ ಇಲ್ಲ. ನೋವಿಲ್ಲ ಅಂದ್ರೆ ವಾಸಿ ಆಗ್ತಿದೆ ಅಂತ."

ಮಾಸಿನಾ ತನ್ನ ಬೆರಳು ನೋಡಿಕೊಂಡಳು. ಒಂದು ಕ್ಷಣ ನೀರಿಗೆ ತಗುಲಿದ ಬೆರಳು ಇನ್ನೂ ಚುರುಚುರು ಎನ್ನುತ್ತಿತ್ತು. ಅಷ್ಟು ಹೊತ್ತು ನೀರಿನಲ್ಲಿದ್ದ ಕಾಲಿಗೆ ಏನೂ ಆಗಿಲ್ಲವೇ? ಹಿಂದೆ ಉಗುರಿನ ಪಕ್ಕದ ಬಿರುಕಿಗೆ ನಿಂಬೆರಸ ಬಿದ್ದಾಗಲೂ ಅಜ್ಜಿ 'ಸ್' ಎಂದಿರಲಿಲ್ಲ. ಅದನ್ನು ಕಂಡು ಮಾಸಿನಾ ಖುಷಿಪಟ್ಟಿದ್ದಳು. ಈಗ ಭಯವಾಯಿತು.

ಅವತ್ತು ಊರಿನ ಹೆಂಗಸರ ಸಮಿತಿ ಮನೆಮನೆ ನೋಡಲು ಬರುವ ದಿನ. ಯಾರ ಮನೆ ಚೊಕ್ಕಟವಾಗಿದೆ, ಯಾರಿಗೆ ಮೈ ಸರಿಯಿಲ್ಲ ಎಂದು ಅವರು ವಿಚಾರಿಸುತ್ತಾರೆ. ಜೊತೆಗೆ ನರ್ಸ್ ಲೂಪೆ ಕೂಡ ಬರುತ್ತಾರೆ.

ಗೋಡೆಯಿಲ್ಲದ ಮನೆ. ಅವರೆಲ್ಲ ಬರುವುದು ದೂರದಿಂದಲೇ ಕಂಡಿತು. ಅಜ್ಜಿ ಪಿಸುಗುಟ್ಟಿದಳು, "ಮಾಸಿನಾ, ಬಟ್ಟೆ!"

ಮಾಸಿನಾ ಬಟ್ಟೆ ಎತ್ತಿಕೊಂಡಳು. ಆದರೆ ಹೊದಿಸಲಿಲ್ಲ. ಎದೆಗೆ ಅವುಚಿಕೊಂಡು ನಿಂತಳು. ಹೆಂಗಸರು ಬಂದು ಸುತ್ತ ಕೂತರು. ಅಜ್ಜಿಯ ಕಾಲು ಎಲ್ಲರ ಎದುರು ಬರಿದಾಗಿ ಚಾಚಿತ್ತು.

"ಏ, ಬುದ್ಧಿ ಇದೆಯೇನೇ ನಿನಗೆ? ಹೊದಿಸು!" ಹೆಂಗಸರ ನಡುವೆ ಕೂತಿದ್ದ ಅಮ್ಮ ಗದರಿದಳು.

"ಇಲ್ಲ!" ಮಾಸಿನಾ ನರ್ಸ್ ಕಡೆ ತಿರುಗಿದಳು. "ನರ್ಸಮ್ಮಾ, ಅಜ್ಜಿ ಕಾಲು ನೋಡಿ. ಬಿಸಿನೀರು ಕೊಟ್ಟಿದ್ದು ನಾನೇ. ಸುಟ್ಟಿದ್ದು ಅಜ್ಜಿಗೆ ಗೊತ್ತೇ ಆಗ್ಲಿಲ್ಲ."

ಅಜ್ಜಿ ನಾಚಿಕೆಯಿಂದ ತಲೆ ತಗ್ಗಿಸಿದಳು. ನರ್ಸ್ ಲೂಪೆ ಹತ್ತಿರ ಬಂದು, ಚಾಪೆಯ ಒಂದು ಎಳೆಯಿಂದ ಅಂಗಾಲನ್ನು ಮೆಲ್ಲಗೆ ಮುಟ್ಟಿದರು.

"ಇದು ಗೊತ್ತಾಗ್ತಿದೆಯಾ ಅಜ್ಜಿ?"

"ಯಾವುದು?" ಎಂದಳು ಅಜ್ಜಿ.

ಅಮ್ಮ ಬಾಯಿಗೆ ಕೈ ಅಡ್ಡ ಹಿಡಿದಳು.

"ಶುಗರ್‌ನಿಂದ ಕಾಲು ಜೋಮು ಹಿಡಿದಿದೆ. ಉಗುರಿಗಿಂತ ಈ ಗಾಯದ್ದೇ ಭಯ. ಇವತ್ತೇ ಆಸ್ಪತ್ರೆಗೆ ಹೊರಡಿ" ಎಂದರು ನರ್ಸ್. "ಹೆದರಬೇಡಿ. ತಾತ ಬಂದಾಗ ತೀರಾ ತಡವಾಗಿತ್ತು. ನೀವು ಬೇಗ ಬರ್ತಿದ್ದೀರಿ."

ಅಜ್ಜಿ ಕಾಲಿಗೆ ಬ್ಯಾಂಡೇಜ್ ಸುತ್ತಿಸಿಕೊಂಡು ಆಸ್ಪತ್ರೆಯಿಂದ ವಾಪಸ್ ಬಂದಳು. ಎರಡೂ ಕಾಲು ಇದ್ದವು. ಆದರೆ ಮಾಸಿನಾಳ ಜೊತೆ ಮಾತಿಲ್ಲ. ಊಟ ತಂದಿಟ್ಟರೆ ಮುಖ ಆಚೆ ತಿರುಗಿಸುವಳು. 'ಡಾಕ್ಟ್ರಮ್ಮ' ಎಂಬ ಮಾತಂತೂ ಮನೆಯಲ್ಲಿ ಕೇಳಿಸಲೇ ಇಲ್ಲ. ಮಾಸಿನಾ ತೆಂಗಿನ ಮರದ ಹಿಂದೆ ನಿಂತು ಅತ್ತಳು.

ಬ್ಯಾಂಡೇಜ್ ಬಿಚ್ಚಿದ ಮೇಲೆ ಒಂದು ಸಂಜೆ. ಪ್ರಾರ್ಥನೆ ಮುಗಿದಿತ್ತು. ಚಿಕ್ಕಪ್ಪ, ಪಕ್ಕದ ಮನೆಯವರು ಎಲ್ಲ ಇನ್ನೂ ಕೂತಿದ್ದರು. ಅಜ್ಜಿ ಕಾಲ ಮೇಲಿನ ಬಟ್ಟೆಯನ್ನು ತಾನೇ ಸರಿಸಿದಳು. ಬಲಗಾಲನ್ನು ಚಾಚಿ ಮಾಸಿನಾಳ ಮಡಿಲಲ್ಲಿಟ್ಟಳು.

"ಅಡಿಯಲ್ಲಿ ಏನಾದ್ರೂ ಗಾಯ ಇದೆಯಾ, ನೋಡು. ನನಗೆ ಗೊತ್ತಾಗಲ್ಲ."

ಅಜ್ಜಿಯ ಬಾಯಲ್ಲಿ 'ಗೊತ್ತಾಗಲ್ಲ' ಎಂಬ ಮಾತನ್ನು ಮಾಸಿನಾ ಮೊದಲ ಸಲ ಕೇಳಿದಳು. ಅವಳು ದೀಪ ಹತ್ತಿರ ಎಳೆದುಕೊಂಡು, ಅಂಗಾಲು, ಹಿಮ್ಮಡಿ, ಬೆರಳ ಸಂದಿಗಳನ್ನೆಲ್ಲ ನಿಧಾನವಾಗಿ ನೋಡಿದಳು. ಅಜ್ಜಿಯ ಕಾಲಿನ ನೋವನ್ನು ಇನ್ನು ತನ್ನ ಕಣ್ಣೇ ಕಂಡುಹಿಡಿಯಬೇಕು ಎಂದು ಅವಳಿಗೆ ಅನಿಸಿತು.

"ಗಾಯ ಇಲ್ಲ ಅಜ್ಜಿ."

"ಉಗುರು?"

"ಹಾಗೇ ಇದೆ. ಹಳದಿ."

"ಇರಲಿ ಬಿಡು ಡಾಕ್ಟ್ರಮ್ಮ" ಎಂದಳು ಅಜ್ಜಿ.

ಮಾಸಿನಾ ಕಣ್ಣೊರೆಸಿಕೊಂಡು, ಎಡಗಾಲನ್ನು ಮಡಿಲಿಗೆ ಎತ್ತಿಕೊಂಡಳು.