ಏಳನೇ ನಡೆಯ ಆತುರ

"ಇಷ್ಟು ಬೇಗ ಆ ಕಾಲಾಳನ್ನ ಮುಂದಕ್ಕೆ ತಳ್ಳಿಬಿಟ್ರಾ?"

ಎದುರಿಗೆ ಕೂತವನು ಕೇಳಿದ ರೀತಿಗೆ ಅವಳಿಗೆ ಮೈಯೆಲ್ಲ ಉರಿದುಹೋಯಿತು. ಪರಿಚಯವಾಗಿ ಇನ್ನೂ ಹತ್ತು ನಿಮಿಷ ಆಗಿರಲಿಲ್ಲ!

"ಯಾಕೆ, ಭಯ ಆಯ್ತಾ?"

"ಇಲ್ಲ... ಅಯ್ಯೋ ಪಾಪ ಅನ್ನಿಸ್ತು."

ಅವನು ಲಿಫ್ಟ್ ರಿಪೇರಿ ಮಾಡುವವನು. ಒಂದು ಸ್ಕ್ರೂ ಬಿಗಿದರೂ ಎರಡು ಸಲ ಮುಟ್ಟಿ ನೋಡಿಯೇ ಏಳುವ ಜಾಯಮಾನ. ಅವಳು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವಳು. ಗಾಜಿನ ಮುಂದೆ ಅವಳಿಗಿದ್ದ ತಾಳ್ಮೆ ಚೆಸ್ ಬೋರ್ಡಿನ ಮುಂದೆ ಎಲ್ಲಿ ಹೋಗುತ್ತಿತ್ತೋ ದೇವರೇ ಬಲ್ಲ.

ಟೈಲರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಚೆಸ್ ಕ್ಲಬ್ಬು. ನಾಲ್ಕು ಮೇಜು, ಎಂಟು ಕುರ್ಚಿ, ಕೆಳಗಿನಿಂದ ಹೊಲಿಗೆ ಯಂತ್ರದ ಸದ್ದು. ಕ್ಲಬ್ಬು ನಡೆಸುತ್ತಿದ್ದವರು ಅವಳ ದೊಡ್ಡಪ್ಪ. ಅವರದು ಒಂದೇ ಕಟ್ಟಳೆ: ಆಟ ಮುಗಿದ ಮೇಲೆ ಯಾರೂ ಹಾಗೇ ಎದ್ದುಹೋಗುವಂತಿಲ್ಲ. ಇಬ್ಬರೂ ಕೂತು ಮೊದಲ ನಡೆಯಿಂದ ಆಟವನ್ನು ಮತ್ತೆ ಆಡಿ ನೋಡಬೇಕು. ಸೋತವರು ತಾವು ಎಲ್ಲಿ ತಪ್ಪಿದೆವೆಂದು ಬಾಯಿಬಿಟ್ಟು ಹೇಳಬೇಕು. ಅಲ್ಲಿಯವರೆಗೆ ಚಹಾ ಇಲ್ಲ.

ಆ ದಿನ ಅವಳು ಸೋತಳು. "ಅದೃಷ್ಟ ಚೆನ್ನಾಗಿರ್ಲಿಲ್ಲ" ಎಂದಳು.

"ಅದೃಷ್ಟ ಬೋರ್ಡಿನ ಮೇಲೆ ಎಲ್ಲಿದೆ ಮಗಳೇ, ಸ್ವಲ್ಪ ತೋರ್ಸು ನೋಡೋಣ" ಎಂದರು ದೊಡ್ಡಪ್ಪ. ಅವಳ ಚಹಾ ಆರಿ ತಣ್ಣಗಾಯಿತು.

ಆಮೇಲೆ ಎಂಟು ತಿಂಗಳ ಭಾನುವಾರಗಳು. ಅವಳ ಆಟದ ಗಡಿಯಾರ ಕೆಟ್ಟಾಗ ಅವನು ತನ್ನದನ್ನೇ ಕೊಟ್ಟ. ಆಟ ಮುಗಿದರೆ ಬಸ್ ಸ್ಟಾಪಿನವರೆಗೂ ಜೊತೆಗೆ ನಡೆಯುತ್ತಿದ್ದ. ಮನಸ್ಸಿನ ಮಾತು ಮಾತ್ರ ತುಟಿ ದಾಟಿರಲಿಲ್ಲ, ಅವನದೂ ಅಷ್ಟೇ, ಅವಳದೂ ಅಷ್ಟೇ. ಆದರೆ ಅವಳಿಗೆ ಅವನೆಂದರೆ ಪ್ರಾಣವಾಗಿತ್ತು. ಅದರಲ್ಲಿ ಮುಚ್ಚಿಡುವುದೇನಿದೆ!

ಒಂದು ಬುಧವಾರ ಲಿಫ್ಟ್ ಕಂಪನಿಯ ಮ್ಯಾನೇಜರ್ ಕನ್ನಡಕ ತೆಗೆದುಕೊಳ್ಳಲು ಅಂಗಡಿಗೆ ಬಂದ.

"ನಿಮ್ಮ ಕ್ಲಬ್ಬಿಗೆ ಬರ್ತಾನಲ್ಲ, ನಮ್ಮ ಮೆಕ್ಯಾನಿಕ್, ಅವನಿಗೆ ಬೇರೆ ಊರಲ್ಲಿ ದೊಡ್ಡ ಕೆಲಸ ಕೊಟ್ಟಿದೀವಿ. ಹೆಚ್ಚುಕಡಿಮೆ ಹೊರಟ ಹಾಗೇ."

ಅವಳ ಕೈಯಲ್ಲಿದ್ದ ಗಾಜು ಜಾರಿ ಬಿತ್ತು. *ನನಗೆ ಒಂದು ಮಾತೂ ಹೇಳ್ಲಿಲ್ಲ...*

ಸಂಜೆಯೊಳಗೆ ಅವನ ಗಡಿಯಾರ ಅವನ ಕೆಲಸದ ಜಾಗಕ್ಕೆ ವಾಪಸ್ ಹೋಯಿತು. ಜೊತೆಗೊಂದು ಚೀಟಿ: 'ಹೋಗುವವರಿಗೆ ಒಳ್ಳೆಯದಾಗಲಿ. ಇನ್ನು ಮಾತು ಬೇಡ.'

ಉತ್ತರ ಬರಲಿಲ್ಲ.

ಭಾನುವಾರ ಬೆಳಿಗ್ಗೆ ಕ್ಲಬ್ಬಿನ ಪಂದ್ಯ. ಚೀಟಿ ಎತ್ತಿದರೆ ಅವಳಿಗೆ ಜೋಡಿಯಾಗಿ ಬಂದದ್ದು ಅವನೇ! ಅವನು ಮೇಜಿನ ಮೇಲೆ ಅದೇ ಗಡಿಯಾರ ಇಟ್ಟು ಕೂತ. ಅವಳು ಅವನ ಮುಖ ನೋಡಲಿಲ್ಲ.

ಬಿಳಿ ಕಾಯಿ ಅವಳದು. ಇಬ್ಬರೂ ಒಬ್ಬರ ಮೇಲೊಬ್ಬರು ಏರಿಹೋಗುವಂಥ ಚೂಪಾದ ಆರಂಭ. ಏಳನೇ ನಡೆಯಲ್ಲಿ ಅವಳು ಬಲಗಡೆಯ ಕುದುರೆಯ ದಾರಿಯ ಕಾಲಾಳನ್ನು ಎರಡು ಮನೆ ಮುಂದೆ ತಳ್ಳಿದಳು. ಎಂಟನೆಯದರಲ್ಲಿ ಅದರ ಪಕ್ಕದ್ದನ್ನೂ ನುಗ್ಗಿಸಿದಳು. ಅವನು ಒಂದು ಕ್ಷಣ ನೋಡಿ ತನ್ನ ರಾಜನನ್ನು ತೆಪ್ಪಗೆ ಇನ್ನೊಂದು ಕಡೆಯ ಕೋಟೆಗೆ ಸೇರಿಸಿದ. ನುಗ್ಗಿದ ಕಾಲಾಳುಗಳ ಹಿಂದೆ ಖಾಲಿ ಬಿದ್ದ ಮನೆಗಳಿಗೆ ಅವನ ಕುದುರೆ ಬಂದು ಕೂತಿತು. ಅವಳ ರಾಜ ಇನ್ನೂ ನಡುಬೋರ್ಡಿನಲ್ಲೇ ಇದ್ದ. ಇಪ್ಪತ್ತನಾಲ್ಕನೇ ನಡೆಗೆ ಅವಳು ಸೋತಳು.

ಅವಳು ಚೀಲ ಎತ್ತಿಕೊಂಡಳು.

"ಕೂತ್ಕೋ" ಎಂದರು ದೊಡ್ಡಪ್ಪ, ಪೇಪರಿನಿಂದ ತಲೆಯೆತ್ತದೆ.

ಕೂತಳು. ಅವನು ಕಾಯಿಗಳನ್ನು ಮತ್ತೆ ಜೋಡಿಸಿದ. ಏಳನೇ ನಡೆಗೆ ಕೈ ನಿಲ್ಲಿಸಿದ.

"ಇಲ್ಲಿ ನನ್ನ ರಾಜ ಎಲ್ಲಿದಾನೆ?"

"ನಡುವೆ."

"ಮತ್ತೆ ಈ ಕಡೆ ಯಾರನ್ನ ಹೊಡೆಯೋಕೆ ಹೋದ್ರಿ?"

"ನೀವು ಈ ಕಡೆನೇ ಬರ್ತೀರಿ ಅನ್ಕೊಂಡೆ."

"ಒಂದು ನಡೆ ಕಾಯ್ಬಹುದಿತ್ತು." ಅವನ ದನಿ ಇಳಿಯಿತು. "ಆಟದ್ದು ಬಿಡಿ. ಆ ಕೆಲಸಕ್ಕೆ ನಾನು ಹೂಂ ಅಂದೇ ಇರ್ಲಿಲ್ಲ. ಇವತ್ತು ನಿಮ್ಮನ್ನ ಕೇಳಿ ಆಮೇಲೆ ಹೇಳೋಣ ಅಂತಿದ್ದೆ. ಅಷ್ಟರಲ್ಲಿ ಬುಧವಾರ ಗಡಿಯಾರ ವಾಪಸ್ ಬಂತು."

ಜೇಬಿನಿಂದ ಒಂದು ಕವರ್ ತೆಗೆದು ಬೋರ್ಡಿನ ಪಕ್ಕ ಇಟ್ಟ.

"ನಿನ್ನೆ ಒಪ್ಪಿಗೆ ಬರೆದೆ. ನಾಳೆ ಕೊಡ್ಬೇಕು. ಮಾತೇ ಬೇಡ ಅಂದವರ ಊರಲ್ಲಿ ಇದ್ದು ಏನು ಮಾಡ್ಲಿ?"

ಅವಳು ಕವರಿನತ್ತ ನೋಡಿದಳು. *ಎಂಥ ಕೆಲಸ ಮಾಡಿಬಿಟ್ಟೆ!*

"ಎಲ್ಲಿ ತಪ್ಪಿದೆ, ಹೇಳು" ಎಂದರು ದೊಡ್ಡಪ್ಪ. ಕಟ್ಟಳೆ ಎಂದರೆ ಕಟ್ಟಳೆ.

"ಬುಧವಾರ ತಪ್ಪಿದೆ" ಎಂದಳು ಅವಳು. "ಕೇಳ್ಬೇಕಿತ್ತು, ಕೇಳ್ಲಿಲ್ಲ. ಭಯ ಆಯ್ತು... ನೀವೇ ಬಾಯಿಬಿಟ್ಟು ಹೋಗ್ತೀನಿ ಅಂದ್ರೆ ನನ್ನ ಕೈಲಿ ತಡ್ಕೊಳ್ಳೋಕೆ ಆಗ್ತಿರ್ಲಿಲ್ಲ. ಅದಕ್ಕೇ ನಾನೇ ಮೊದಲು ಬಾಗಿಲು ಹಾಕ್ಬಿಟ್ಟೆ. ನನಗೆ ನೀವು ಬೇಕು."

ಪೇಪರ್ ಇನ್ನಷ್ಟು ಮೇಲಕ್ಕೇರಿ ದೊಡ್ಡಪ್ಪನ ಮುಖ ಪೂರ್ತಿ ಮುಚ್ಚಿತು.

"ತಳ್ಳಿದ ಕಾಲಾಳು ಹಿಂದಕ್ಕೆ ಬರಲ್ಲ ಅಲ್ವಾ?" ಅವಳು ಕಣ್ಣೊರೆಸಿಕೊಂಡಳು.

"ಬರಲ್ಲ. ಅದನ್ನ ಒಂಟಿಯಾಗಿ ಬಿಡಬಾರದು, ಅಷ್ಟೇ."

ಅವನು ತನ್ನ ಕುರ್ಚಿ ಎತ್ತಿಕೊಂಡು ಬಂದು ಅವಳ ಪಕ್ಕದಲ್ಲಿ ಹಾಕಿಕೊಂಡು ಕೂತ.

"ಕೇಳ್ಬೇಕು ಅಂತಿದ್ದದ್ದು ಈಗ ಕೇಳ್ತೀನಿ. ನಾನು ಆ ಊರಿಗೆ ಹೋದ್ರೆ, ಮದುವೆಯಾಗಿ ನನ್ನ ಜೊತೆ ಬರ್ತೀರಾ? ಆ ಊರು ಬೇಡ ಅಂದ್ರೆ ಈ ಕವರ್ ಇಲ್ಲೇ ಹರಿದುಹಾಕ್ತೀನಿ, ಇಬ್ಬರೂ ಇಲ್ಲೇ ಇರೋಣ. ಆತುರ ಬೇಡ. ಯೋಚನೆ ಮಾಡಿ."

ಅವಳು ಬಾಯಿ ತೆರೆದವಳು ಮುಚ್ಚಿದಳು. ಗಡಿಯಾರದ ಗುಂಡಿ ಒತ್ತಿ, ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಳು. ಕೆಳಗೆ ಹೊಲಿಗೆ ಯಂತ್ರ ಓಡುತ್ತಿತ್ತು. ಲಿಫ್ಟಿನವನ ಹಣೆಯಲ್ಲಿ ಬೆವರು ಮೂಡಿತು.

"ಆ ಊರಲ್ಲೂ ಕನ್ನಡಕ ಹಾಕ್ಕೊಳ್ಳೋರು ಇರ್ತಾರಲ್ವಾ?"

"ಇರ್ತಾರೆ..."

"ಹಾಗಾದ್ರೆ ಬರ್ತೀನಿ."

"ಇಷ್ಟು ಬೇಗನಾ?"

"ಬೇಗ ಎಲ್ಲಿ ಬಂತು? ಗಡಿಯಾರ ನೋಡ್ರೀ, ಪೂರ್ತಿ ಒಂದು ನಿಮಿಷ ಯೋಚನೆ ಮಾಡಿದೀನಿ!"

ದೊಡ್ಡಪ್ಪ ಪೇಪರ್ ಮಡಚಿಟ್ಟು ಎದ್ದು ಮೂರು ಲೋಟಗಳಿಗೆ ಚಹಾ ಬಗ್ಗಿಸಿದರು.